ಪ್ಲಾಟಿಪಸ್ಸಿಗೆ ಬಾತುಕೋಳಿಯ ಕೊಕ್ಕು

ಸೀನು ಬಂದಾಗ ಅಂಟಪ್ಪ ತೆಪ್ಪಗೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಸಂಗ್ರಹಾಲಯದಲ್ಲಿ ಹುಲ್ಲು ತುಂಬಿದ ಪ್ರಾಣಿಗಳ ಕಿವಿ, ಬಾಲ ಅಂಟಿಸುವುದು ಅವನ ಕೆಲಸ. ಅದಕ್ಕೇ ಆ ಅಡ್ಡಹೆಸರು. ಸೀನಿದ ರಭಸಕ್ಕೆ ಮೊಣಕೈ ತಗುಲಿ, ಬಾತುಕೋಳಿಯಂಥ ಕೊಕ್ಕಿನ ಆಸ್ಟ್ರೇಲಿಯಾದ ಪ್ರಾಣಿ ಪ್ಲಾಟಿಪಸ್ ನೆಲಕ್ಕೆ ಬಿತ್ತು. ಗಾಬರಿಯಿಂದ ಹಿಂದೆ ಸರಿದವನ ಬೂಟಿನಡಿ ಅದರ ಕೊಕ್ಕು ಪುಡಿಪುಡಿಯಾಯಿತು.

ಅವನ ನೌಕರಿ ಕಾಯಂ ಆಗಬೇಕಿದ್ದದ್ದು ಅವತ್ತೇ. ಆ ಪ್ರಾಣಿಯನ್ನು ನೋಡಲು ವಂಶವಾಹಿ ವಿಜ್ಞಾನಿ ಬರುವುದೂ ಅವತ್ತೇ. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದಂತೆ.

"ಅಳ್ಬೇಡ ಕಣೋ," ಎಂದಳು ಹಕ್ಕಿ ವಿಭಾಗದ ಅಕ್ಕ. "ನನ್ನ ಹತ್ರ ಹಳೇ ಬಾತುಕೋಳಿ ಇದೆ. ಅದರ ಕೊಕ್ಕು ಅಂಟಿಸು."

"ಗೊತ್ತಾಗಲ್ವೇನಕ್ಕ?"

"ಮೊಟ್ಟೆ ಇಡುತ್ತೆ, ಮರಿಗೆ ಹಾಲೂ ಕೊಡುತ್ತೆ, ಗಂಡಿಗೆ ಕಾಲಲ್ಲಿ ವಿಷದ ಮುಳ್ಳು. ಸೃಷ್ಟಿಕರ್ತನೇ ಅಲ್ಲಿಷ್ಟು ಇಲ್ಲಿಷ್ಟು ತಂದು ಅಂಟಿಸಿದಾನೆ. ನಿಂದೊಂದು ತುಂಡು ಹೆಚ್ಚೇನಲ್ಲ."

ಅಂಟಿಸಿದ. ಕೊಕ್ಕು ತೀರಾ ಹಳದಿಯಾಯಿತೆಂದು ಕಾವಲುಗಾರ ಬೂಟ್ ಪಾಲಿಶ್ ಬಳಿದ. ಅದು ಹೊಸ ಚಪ್ಪಲಿಯ ಹಾಗೆ ಹೊಳೆಯಿತು. ಒರೆಸಲು ಹೋದ ಅಂಟಪ್ಪನ ಕರವಸ್ತ್ರ ಹಸಿ ಅಂಟಿಗೆ ಸಿಕ್ಕಿಕೊಂಡಿತು. ಎಳೆದ, ಜಗ್ಗಿದ, ಬರಲಿಲ್ಲ. ಅಷ್ಟರಲ್ಲಿ ಸಂಗ್ರಹಾಲಯದ ನಿರ್ದೇಶಕಿ ವಿಜ್ಞಾನಿಯನ್ನು ಕರೆದುಕೊಂಡು ಒಳಗೆ ಬಂದರು.

"ಇದಕ್ಕೇನು ನೆಗಡಿಯಾ?" ಎಂದರು ವಿಜ್ಞಾನಿ.

ವಿಜ್ಞಾನಿ ಬಗ್ಗಿ ನೋಡುತ್ತಾ, "ಮೊಟ್ಟೆ ಇಡೋ ಹಳೇ ವಂಶವಾಹೀನೂ ಇದರಲ್ಲಿ ಉಳಿದಿದೆ, ಹಾಲು ಕೊಡೋದೂ ಇದೆ. ನಮ್ಮ ಪೂರ್ವಜರು ಹೇಗಿದ್ರು ಅಂತ ಹೇಳೋ ಜೀವ ಇದು," ಎಂದರು. ಕೈಮುಗಿಯುವುದೊಂದು ಬಾಕಿ. ಅಂಟಪ್ಪನಿಗೆ ತಡೆಯಲಾಗಲಿಲ್ಲ.

"ಸಾರ್, ಕೊಕ್ಕು ಬಾತುಕೋಳೀದು. ನಾನೇ ಅಂಟಿಸಿದ್ದು. ತಪ್ಪಾಯ್ತು."

ನಿರ್ದೇಶಕಿಯ ಮುಖ ಕೆಂಪಾಯಿತು. ವಿಜ್ಞಾನಿ ಮಾತ್ರ ನಕ್ಕುಬಿಟ್ಟರು. "ಹೋಗ್ಲಿ ಬಿಡಿ ಮೇಡಂ. ನಂಗೆ ಬೇಕಿರೋದು ಮೈಯಿಂದ ಒಂದು ಚೂರು ಚರ್ಮ. ನಿಜ ಹೇಳಿದಾನಲ್ಲ, ಕ್ಷಮಿಸಿ."

ನಿರ್ದೇಶಕಿ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಅಂಟಪ್ಪನಿಗೆ ಹೋದ ಜೀವ ಬಂದಂತಾಯಿತು. ವಿಜ್ಞಾನಿ ಕರವಸ್ತ್ರ ಹಿಡಿದು ಕೊಕ್ಕನ್ನು, ಅದರಡಿ ಮೂತಿಗೆ ಮೆತ್ತಿದ್ದ ಗಟ್ಟಿ ಅಂಟಿನ ಸಮೇತ, ಕಿತ್ತು ತೆಗೆದರು. ಒಳಗೆ ಸಾಲಾಗಿ ಚೂಪು ಹಲ್ಲುಗಳಿದ್ದವು.

"ಬೆಳೆದ ಪ್ಲಾಟಿಪಸ್ಸಿಗೆ ಹಲ್ಲೇ ಇರಲ್ಲ," ಎಂದರು ಅವರು ನಿಧಾನವಾಗಿ. "ಹಲ್ಲಿನ ಎಷ್ಟೋ ವಂಶವಾಹಿಗಳನ್ನ ಅದು ಯಾವತ್ತೋ ಕಳಕೊಂಡಿದೆ. ಇದು ನೀರುನಾಯಿ."

"ನಾನಲ್ಲ ಮೇಡಂ," ಅಂಟಪ್ಪ ಗೋಗರೆದ. "ನಮ್ಮ ತಾತನ ಕಾಲದಿಂದ ಇದು ಹೀಗೇ ಇದ್ದಿರಬೇಕು. ಯಾರೋ ಆಗಲೇ ಟೋಪಿ ಹಾಕಿದಾರೆ."

ಹಕ್ಕಿ ವಿಭಾಗದ ಅಕ್ಕ ಸದ್ದಿಲ್ಲದೆ ಜಾಗ ಖಾಲಿ ಮಾಡಿದಳು. ನಿರ್ದೇಶಕಿ ಕುರ್ಚಿ ಎಳೆದುಕೊಂಡು ಅವನೆದುರು ಕೂತರು.

"ಕೊಕ್ಕು ಅಂಟಿಸಿದ್ದು ಯಾರು?"

"ನಾನೇ ಮೇಡಂ."

"ಸರಿ. ನಮ್ಮ ಪ್ಲಾಟಿಪಸ್ಸನ್ನ ಯಾರಿಗೆ ಮಾರಿದೆ, ಅದನ್ನೂ ಹೇಳಿಬಿಡು."