ಅತ್ತೆಯ ಬಕೆಟ್ಟು, ಮಾವನ ಉಪ್ಪು

ಟಿ. ನರಸೀಪುರದಲ್ಲಿ ನಮ್ಮತ್ತೆ ಮುಚ್ಚಳದ ಸ್ಟೀಲ್ ಬಕೆಟ್ಟು ಹಿಡಿದು ನಿಮ್ಮ ಬೀದಿಯ ಕಡೆ ತಿರುಗಿದರೆಂದರೆ ನೀವು ಮೊದಲು ಮಾಡಬೇಕಾದ ಕೆಲಸ ಒಂದೇ: ಒಳಗೆ ಓಡಿಹೋಗಿ ಮನೆಯವರೆಲ್ಲ ಉಸಿರಾಡುತ್ತಿದ್ದಾರಾ ಎಂದು ನೋಡಿಕೊಳ್ಳುವುದು! ತಮಾಷೆಯಲ್ಲ ಕಣ್ರೀ. ಆ ಬಕೆಟ್ಟು ಸುಮ್ಮಸುಮ್ಮನೆ ಯಾರ ಮನೆಗೂ ಹೋಗುವುದಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಹೆಣ ಸಾಗುವವರೆಗೆ ಆ ಮನೆಯವರ ಹೊಟ್ಟೆಯ ಯೋಚನೆ ಅಕ್ಕಪಕ್ಕದವರದು. ಮಿಕ್ಕವರೆಲ್ಲ ತಮ್ಮ ಬೀದಿ, ತಮ್ಮ ನೆಂಟರು, ತಮ್ಮ ಜನ ಎಂದು ನೋಡಿಕೊಂಡು ಹೋದರೆ ನಮ್ಮತ್ತೆಗೆ ಇಡೀ ಊರೇ ಪಕ್ಕದ ಮನೆ. ಯಾವ ಕೇರಿಯಲ್ಲಿ ಯಾರು ಹೋದರೂ ಸರಿ, ಬಿಸಿ ಉಪ್ಪಿಟ್ಟು ಹಾಜರು! ಸಂಘವಿಲ್ಲ, ಬೋರ್ಡಿಲ್ಲ, ಫೋಟೋ ತೆಗೆಯುವವರಿಲ್ಲ. ಬೆಳಿಗ್ಗೆ ಹೂ ಮಾರುವವನು ಹಾರದ ಆರ್ಡರ್ ಬಂತು ಅಂದರೆ ಸಾಕು, ಈಕೆ ಈರುಳ್ಳಿ ಹೆಚ್ಚಲು ಕೂತುಬಿಡುತ್ತಾರೆ.

ಒಂದು ಸಲ ಮಗಳ ಮನೆಗೆಂದು ಅದೇ ಬಕೆಟ್ಟಿನಲ್ಲಿ ಅವರೆಕಾಳು ಸಾರು ಹಿಡಿದು ನಂಜನಗೂಡಿನ ಬಸ್ಸು ಹತ್ತಿದರು. ಪಕ್ಕದಲ್ಲಿ ಅವರೂರಿನ ಹೆಂಗಸು. ಬಕೆಟ್ಟು ನೋಡಿದ್ದೇ ಗಾಬರಿಯಾಗಿ "ಅಯ್ಯೋ, ನಂಜನಗೂಡಲ್ಲಿ ಯಾರ ಮನೆಗಕ್ಕಾ?" ಎಂದು ಕೇಳಿದ್ದಾಳೆ. ನಮ್ಮತ್ತೆ ಸಹಜವಾಗಿ "ನಮ್ಮಳಿಯಂದ್ರ ಮನೆಗೆ ಕಣವ್ವಾ" ಅಂದಿದ್ದಾರೆ. ಅಷ್ಟೇ! ಬಸ್ಸು ನಂಜನಗೂಡು ಮುಟ್ಟುವಷ್ಟರಲ್ಲಿ ನಾನು ಸತ್ತುಹೋಗಿದ್ದೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟಿನ ನಡುವೆ ನನ್ನ ಫೋನಿಗೇ ಫೋನ್ ಮಾಡಿ "ಬಾಡಿ ಯಾವಾಗ ತರ್ತಾರೆ ಸಾ?" ಎಂದು ಕೇಳಿದವರಿದ್ದಾರೆ. ಅವತ್ತಿನಿಂದ ನನಗೂ ಆ ಬಕೆಟ್ಟಿಗೂ ಆಗಿಬರುವುದಿಲ್ಲ. ಮೊದಲೇ ನಾನು ಮುಂಗೋಪಿ!

ಇನ್ನೊಂದು ಸಲ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಲೆಕ್ಸು ನೋಡಿದರು. ವಾರ್ಡಿನ ಮುಖಂಡರೊಬ್ಬರ ದೊಡ್ಡ ಫೋಟೋ, ಸುತ್ತ ಹೂವು, ಕೆಳಗೆ ಕೈ ಮುಗಿದು ನಿಂತವರ ಸಾಲು. ಅತ್ತೆ ಕನ್ನಡಕ ತಂದಿರಲಿಲ್ಲ. ತಂದಿದ್ದರೂ ಏನು ಪ್ರಯೋಜನ ಹೇಳಿ? ನಮ್ಮೂರುಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸಿಗೂ ಶ್ರದ್ಧಾಂಜಲಿ ಫ್ಲೆಕ್ಸಿಗೂ ವ್ಯತ್ಯಾಸ ಹುಡುಕಲು ಎಂಥ ಕಣ್ಣಿದ್ದರೂ ಸಾಲದು! ಗಂಟೆ ಕಳೆಯುವಷ್ಟರಲ್ಲಿ ಉಪ್ಪಿಟ್ಟು ಹೊತ್ತುಕೊಂಡು ಅವರ ಮನೆ ಬಾಗಿಲು ತಟ್ಟಿದರೆ, ಬಾಗಿಲು ತೆರೆದವರು ಸಾಕ್ಷಾತ್ ಅವರೇ. ಹೊಸ ಬಿಳಿ ಅಂಗಿ, ಹಣೆಗೆ ಕುಂಕುಮ. ಆ ಬಕೆಟ್ಟಿನ ಅರ್ಥ ಗೊತ್ತಿದ್ದ ಅವರು ಅಲ್ಲೇ ಬಾಗಿಲು ಹಿಡಿದುಕೊಂಡು "ಯಾರಿಗೇನಾಯ್ತಮ್ಮಾ?" ಅಂದರಂತೆ. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಏನೂ ಆಗಿಲ್ಲ ಕಣಪ್ಪಾ. ನೀನು ಚೆನ್ನಾಗಿದ್ದೀಯಲ್ಲ, ಅಷ್ಟೇ ಸಾಕು. ತಿನ್ನು" ಎಂದು ಬಡಿಸಿಯೇ ಬಂದರು.

ಇಂಥ ಹೆಂಗಸಿಗೆ ಗಂಡನಾದವರು ಹೇಗಿರಬೇಕು? ನಮ್ಮ ಮಾವ ನಾಲೆಯ ತೂಬು ಎತ್ತಿ ಇಳಿಸುವ ಸರ್ಕಾರಿ ಕೆಲಸ ಮಾಡಿ ನಿವೃತ್ತರಾದವರು. ಯಾವ ಗದ್ದೆಗೆ ಎಷ್ಟು ನೀರು ಎಂಬುದನ್ನು ಬೆರಳಿನಲ್ಲಿ ಅಳೆದು ಬಿಟ್ಟ ಮನುಷ್ಯ. ಮಾತೂ ಹಾಗೇ, ಅಳತೆ. ಅತ್ತೆಯ ಉಪ್ಪಿಟ್ಟಿನಲ್ಲಿ ಮಾವನ ಪಾಲು ಒಂದೇ: ಉಪ್ಪು ನೋಡುವುದು. ಬೇರೆಯವರಿಗೆಂದು ಮಾಡಿದ್ದನ್ನು ಅತ್ತೆ ತಾವು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಸೌಟಿನಿಂದ ಮಾವನ ಅಂಗೈಗೆ ಒಂದಿಷ್ಟು ಉದುರಿಸಿ "ವಸಿ ಉಪ್ಪು ನೋಡ್ರೀ" ಅನ್ನುತ್ತಾರೆ. ಮಾವ ಕಣ್ಣು ಮುಚ್ಚಿ ಮೆದ್ದು, "ವಸಿ ಕಮ್ಮಿ ಅದೆ" ಅನ್ನುತ್ತಾರೆ. ಅತ್ತೆ ತಕ್ಷಣ ಬಕೆಟ್ಟಿಗೆ ತುಂಬಿ ಮುಚ್ಚಳ ಹಾಕುತ್ತಾರೆ.

ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ನನಗೆ ತಲೆಬುಡ ತಿಳಿಯಲಿಲ್ಲ. ಕಮ್ಮಿ ಇದೆ ಅಂದಮೇಲೆ ಹಾಕಬೇಕಲ್ಲವೇ? ಹೊಸ ಅಳಿಯನ ಹುಮ್ಮಸ್ಸಿನಲ್ಲಿ ನಾನೇ ಉಪ್ಪಿನ ಡಬ್ಬಿ ಎತ್ತಿಕೊಂಡು ಹೋದೆ. ಮಾವ ತೂಬು ಇಳಿಸುವವರಂತೆ ಕೈ ಅಡ್ಡ ಹಿಡಿದರು. "ಬ್ಯಾಡಿ ಅಳಿಯಂದ್ರೇ. ಸಾವಿನ ಮನೆ ಊಟಕ್ಕೆ ಉಪ್ಪು ವಸಿ ಕಮ್ಮೀನೇ ಇರ್ಬೇಕು. ಅಳ್ತಾ ಅಳ್ತಾ ಉಣ್ತಾರೆ. ಸಾಲ್ದೆ ಇದ್ದುದ್ದು ಅಲ್ಲೇ ಸೇರ್ಕತದೆ." ಹೀಗೆಂದು ಒಂದು ಚೂರೂ ನಗದೆ ಎದ್ದುಹೋದರು. ಅದು ಹಾಸ್ಯವೋ ಅಡುಗೆಯ ಪಾಠವೋ ನನಗೆ ಅವತ್ತು ಗೊತ್ತಾಗಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಾವ ಮುದ್ದೆ ಮುರಿದು ಬಾಯಿಗಿಟ್ಟವರು ನುಂಗಲಾಗದೆ ತಟ್ಟೆ ಸರಿಸಿದರು. ಮಾವ ಮುದ್ದೆ ಬಿಟ್ಟರು ಎಂಬ ಸುದ್ದಿ ನಂಜನಗೂಡಿಗೆ ಮುಟ್ಟಿದಾಗಲೇ ನನ್ನ ಹೆಂಡತಿ ಅಳಲು ಶುರು ಮಾಡಿದಳು. ಅವಳ ಅಳು ಸುಳ್ಳಾಗಲಿಲ್ಲ. ಅನ್ನನಾಳದಲ್ಲಿ ಕ್ಯಾನ್ಸರು. ಮೈಸೂರಿಗೆ ಕರೆದುಕೊಂಡು ಹೋಗಿ ಕರೆಂಟು, ಅಂದರೆ ರೇಡಿಯೇಷನ್ನು, ಕೊಡಿಸಿದ್ದಾಯಿತು, ಇಂಜೆಕ್ಷನ್ನೂ ಆಯಿತು. ಕೊನೆಗೆ ಮೂಗಿನಿಂದ ಹೊಟ್ಟೆಗೆ ಒಂದು ತೆಳ್ಳನೆಯ ಪೈಪು ಇಳಿಸಿ ಮನೆಗೆ ಕಳಿಸಿದರು. ಎರಡೆರಡು ಗಂಟೆಗೊಮ್ಮೆ ಗಂಜಿ, ಹಾಲು, ಎಳನೀರು, ಎಲ್ಲವನ್ನೂ ಸೋಸಿ ಸೋಸಿ ದೊಡ್ಡ ಸಿರಿಂಜಿನಲ್ಲಿ ಆ ಪೈಪಿಗೆ ಬಿಡಬೇಕು. ನಾಲೆಗೆ ನೀರು ಬಿಟ್ಟ ಮನುಷ್ಯನಿಗೆ ಈಗ ಅತ್ತೆ ಅಳತೆ ಮಾಡಿ ಬಿಡುತ್ತಿದ್ದರು.

ಇನ್ನಾದರೂ ಬಕೆಟ್ಟು ಅಟ್ಟ ಸೇರುತ್ತದೆ ಎಂದುಕೊಂಡೆ. ಎಲ್ಲಿಯ ಮಾತು! ಅತ್ತೆ ಎರಡು ಗಂಜಿಗಳ ನಡುವೆ ಊರಿನ ಸಾವುಗಳನ್ನು ಹೊಂದಿಸಿಕೊಂಡರು. ಮೊಮ್ಮಗಳು ಅಜ್ಜಿಯ ಫೋನಿಗೆ ಕೋಳಿ ಕೂಗುವ ಅಲಾರಂ ಇಟ್ಟುಕೊಟ್ಟಳು. ಒಂದು ದಿನ ಸಂಗಮದ ಕಡೆಯ ಬೀದಿಯಲ್ಲಿ ಹೆಣದ ಸುತ್ತ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾಗ ಅತ್ತೆಯ ಸೊಂಟದಿಂದ "ಕೊಕ್ಕೊಕ್ಕೋ" ಎಂದು ಕೋಳಿ ಕೂಗಿತು! ಅಳು ಗಕ್ಕನೆ ನಿಂತಿತು. ಎಲ್ಲರೂ ಇತ್ತ ತಿರುಗಿದರು. ಆಗ ಗಂಡನನ್ನು ಕಳೆದುಕೊಂಡ ಆ ಹೆಂಗಸೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಗಂಜಿ ಒತ್ತಾಯ್ತು ಕಣಕ್ಕಾ, ಎದ್ದೋಗು. ನಿಂಗಾರಾ ಉಣ್ಸಕ್ಕೆ ಒಬ್ರು ಅವ್ರೆ" ಅಂದಳಂತೆ. ಅತ್ತೆ ಈ ಕಥೆಯನ್ನು ನಗುನಗುತ್ತಾ ಹೇಳಲು ಶುರು ಮಾಡಿದರು. ಕೊನೆಯ ಮಾತಿಗೆ ಬಂದಾಗ ಸಿರಿಂಜು ತೊಳೆಯಲು ಎದ್ದುಹೋದರು.

ನನ್ನ ಹೆಂಡತಿಗೆ ಇದ್ದದ್ದು ಒಂದೇ ಭಯ. ಅಪ್ಪ ಹೋಗುವ ಹೊತ್ತಿಗೆ ಅಮ್ಮ ಇನ್ಯಾರದೋ ಮನೆಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದರೆ? ಅಪ್ಪನ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? "ನೀವು ಹೇಳಿ, ನಾನು ಹೇಳಿದರೆ ಅಮ್ಮ ಕೇಳಲ್ಲ" ಎಂದು ಶಿಫ್ಟಿಗೆ ಹೊರಟಾಗಲೆಲ್ಲ ನನ್ನ ಬೆನ್ನು ಹತ್ತುತ್ತಿದ್ದಳು. ಅಳಿಯ ಹೇಳಿದರೆ ಕೇಳುತ್ತಾರೆಯೇ? ಅಳಿಯ ಸತ್ತ ಸುದ್ದಿಯನ್ನೇ ಬಸ್ಸಿನಲ್ಲಿ ಹೊತ್ತು ತಂದವರು!

ಇನ್ನೊಂದು ಕಷ್ಟವಿತ್ತು, ವಾಸನೆ. ಒಂದು ತುತ್ತೂ ಇಳಿಯದ ಮನುಷ್ಯ ಮಲಗಿರುವ ಮನೆಯಲ್ಲಿ ಇಂಗು, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ! ಅತ್ತೆಗೂ ಅದು ಚುಚ್ಚಿರಬೇಕು, ಒಲೆಯನ್ನು ಹಿತ್ತಲಿನ ಕೊನೆಗೆ, ಬಚ್ಚಲಿನ ಆಚೆಗೆ ಹಾಕಿಸಿಕೊಂಡರು. ಮೂರು ದಿನ ಮಾವ ಸುಮ್ಮನಿದ್ದರು. ನಾಲ್ಕನೆಯ ದಿನ ನನ್ನನ್ನು ಹತ್ತಿರ ಕರೆದು ಗೊಗ್ಗರು ದನಿಯಲ್ಲಿ, "ಆ ಒಲೆ ತಂದು ಈ ಕಿಟಕಿ ಕೆಳಗೆ ಆಕಿ ಅಳಿಯಂದ್ರೇ. ತಿನ್ನಕ್ಕಂತೂ ಇಲ್ಲ, ವಾಸ್ನೆಗೂ ಕಲ್ಲಾಕ್ಬ್ಯಾಡಿ" ಅಂದರು. ನಾನೇ ಕಲ್ಲು ಹೊತ್ತು ತಂದು ಕಿಟಕಿಯ ಕೆಳಗೆ ಒಲೆ ಹೂಡಿದೆ. ಅಂದಿನಿಂದ ಮಾವನ ಅಂಗೈ ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ಬರುತ್ತಿತ್ತು. ಅತ್ತೆ ಸೌಟಿನಿಂದ ನಾಲ್ಕು ಕಾಳು ರವೆ ಉದುರಿಸುತ್ತಿದ್ದರು. ಮಾವ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ರುಚಿ ನೋಡಿ, ಬೇಸಿನ್ನಿಗೆ ಉಗಿದು, "ವಸಿ ಕಮ್ಮಿ ಅದೆ" ಅನ್ನುತ್ತಿದ್ದರು. ಮುಚ್ಚಳ ಬೀಳುತ್ತಿತ್ತು.

ಡಾಕ್ಟರು ಇನ್ನು ಮೈಸೂರಿಗೆ ಕರೆತರುವುದು ಬೇಡ ಎಂದ ವಾರವೇ ಹಿಂದಿನ ಬೀದಿಯಲ್ಲಿ ಒಂದು ಸಾವಾಯಿತು. ಅತ್ತೆ ಸೆರಗು ಸಿಕ್ಕಿಸಿ ರವೆ ಹುರಿಯಲು ನಿಂತರು. ನನಗೆ ತಡೆಯಲಾಗಲಿಲ್ಲ. "ಸತ್ತವರ ಮನೆಗೆಲ್ಲ ಓಡ್ತೀರಲ್ಲ ಅತ್ತೆ, ಇನ್ನೂ ಬದುಕಿರೋರ ಪಕ್ಕ ಕೂರೋಕೆ ನಿಮಗೆ ಪುರುಸೊತ್ತಿಲ್ವಾ?" ಎಂದು ಕೂಗಿಬಿಟ್ಟೆ. ಅತ್ತೆ ಸೌಟು ಆಡಿಸುವುದನ್ನು ನಿಲ್ಲಿಸಿದರು. ಒಳಗಿನಿಂದ ಮಾವ ಸರಳಿಗೆ ಚಮಚ ಬಡಿದು ನನ್ನನ್ನು ಕರೆದರು.

"ಅವಳ್ನ ಬಯ್ಬ್ಯಾಡಿ" ಅಂದರು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. "ಪಕ್ದಲ್ಲಿ ಕುಂತ್ರೆ ನನ್ ಮೊಕಾನೇ ನೋಡ್ತಾಳೆ. ನೋಡ್ದಾಗೆಲ್ಲ ಸಾಯ್ತಾ ಇವ್ನಿ ಅನ್ನದು ನೆಪ್ಪಾಯ್ತದೆ. ಉಪ್ಪು ನೋಡ್ರೀ ಅಂತಾಳಲ್ಲ, ಅವಾಗ ಒಂದೀಟು ಮರೀತೀನಿ. ನಂಗೂ ಇನ್ನೂ ಒಂದ್ ಕೆಲ್ಸ ಅದೆ ಅನ್ಸ್ತದೆ."

ನಾನು ಹೊರಗೆ ಬಂದು, ಏನೂ ಮಾಡಲು ತೋಚದೆ, ಒಲೆಗೆ ಎರಡು ಸೌದೆ ಒಟ್ಟಿದೆ. ಕ್ಷಮಿಸಿ ಅನ್ನಲು ಬಾಯಿ ಬರಲಿಲ್ಲ, ಮುಂಗೋಪಿಗಳ ಹಣೆಬರಹವೇ ಅಷ್ಟು.

ಅದಾದ ಹನ್ನೊಂದನೆಯ ದಿನ, ಭಾನುವಾರ, ನಾನೂ ಅಲ್ಲೇ ಇದ್ದೆ. ಪೇಟೆಯ ಬೀದಿಯ ಒಂದು ಮನೆಯಲ್ಲಿ ಇನ್ನೂ ಚಿಕ್ಕ ವಯಸ್ಸಿನ ತಾಯಿ ತೀರಿಕೊಂಡಿದ್ದಳು. ಬೆಳಗಿನ ಗಂಜಿ ಬಿಟ್ಟು, ಮಾವನ ಮುಖ ಒರೆಸಿ, ಅತ್ತೆ ಹಿತ್ತಲಿಗೆ ಬಂದು ಒಲೆ ಹಚ್ಚಿದರು. ಉಪ್ಪಿಟ್ಟು ಇಳಿಸಿದರು. ಸೌಟು ಎತ್ತಿ ಕಿಟಕಿಗೆ ಹಿಡಿದು "ವಸಿ ಉಪ್ಪು ನೋಡ್ರೀ" ಅಂದರು.

ಅಂಗೈ ಹೊರಗೆ ಬರಲಿಲ್ಲ.

ಅತ್ತೆ ಇನ್ನೊಂದು ಸಲ ಕರೆದರು. ಆಮೇಲೆ ಸೌಟನ್ನು ಪಾತ್ರೆಯ ಮೇಲೆ ಮೆಲ್ಲಗೆ ಇಟ್ಟು, ಒಲೆಗೆ ಒಂದು ಚೊಂಬು ನೀರು ಸುರಿದರು. ಕಿಟಕಿಯೊಳಗೆ ನೋಡುವುದಕ್ಕೂ ಮೊದಲೇ ಸುರಿದರು. ನನ್ನ ಹೆಂಡತಿ ಅಷ್ಟು ಹೆದರಿದ್ದಳಲ್ಲ, ಅಮ್ಮ ಇದ್ದದ್ದು ಇನ್ನಾರದೋ ಮನೆಯಲ್ಲಲ್ಲ, ಒಂದು ಗೋಡೆಯ ಆಚೆ.

ಒಳಗೆ ಮಾವನ ಕೈ ಹಿಡಿದು ಬಹಳ ಹೊತ್ತು ಕೂತಿದ್ದವರು ತಲೆ ಎತ್ತಿ, "ಅಳಿಯಂದ್ರೇ, ಆ ಮನೆ ಮಕ್ಕಳು ಬೆಳಗಿಂದ ಏನೂ ತಿಂದಿಲ್ಲ. ಬಕೆಟ್ ತಗಂಡೋಗಿ ಕೊಟ್ಬುಟ್ಟು ಬನ್ನಿ" ಅಂದರು. ಸೂತಕದ ಮನೆಯಿಂದ ಸೂತಕದ ಮನೆಗೆ, ಇನ್ನೆಂಥ ಮೈಲಿಗೆ! ಆ ಬಕೆಟ್ಟನ್ನು ಹನ್ನೆರಡು ವರ್ಷ ಬೈದುಕೊಂಡಿದ್ದ ನಾನು ಅದನ್ನು ಹಿಡಿದುಕೊಂಡು ನರಸೀಪುರದ ನಡುಬೀದಿಯಲ್ಲಿ ನಡೆದೆ. "ಯಾರು ಸಾ?" ಎಂದು ಅಂಗಡಿಯವರು ಕೇಳಿದರು. ಇಬ್ಬರ ಹೆಸರು ಹೇಳಬೇಕಾಯಿತು.

ನಾನು ತಿರುಗಿ ಬರುವ ಹೊತ್ತಿಗೆ ಅತ್ತೆಯ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕುಕ್ಕರು, ಕ್ಯಾರಿಯರು, ಬೋಸಿ, ಪ್ಲಾಸ್ಟಿಕ್ ಡಬ್ಬ! ಮೊದಲು ಬಂದವರು ಆ ಫ್ಲೆಕ್ಸಿನ ಮುಖಂಡರಂತೆ. ಮನೆಯಲ್ಲಿ ಹೆಂಡತಿ ಇಲ್ಲದ್ದರಿಂದ ತಾವೇ ಉಪ್ಪಿಟ್ಟು ಮಾಡಿಕೊಂಡು ಬಂದಿದ್ದರು. "ಅವತ್ತು ನೀವು ತಂದ್ಕೊಟ್ರಲ್ಲಮ್ಮಾ" ಎಂದು ಅಳುತ್ತಾ ಬಡಿಸಿದರು. ಬಾಯಿಗಿಟ್ಟರೆ ಉಪ್ಪೋ ಉಪ್ಪು! ಆದರೆ ಸಾವಿನ ಮನೆಯಲ್ಲಿ ಕೂತು ಉಪ್ಪು ಜಾಸ್ತಿಯಾಯಿತು ಎಂದು ಯಾರು ಹೇಳುತ್ತಾರೆ? ಎಲ್ಲರೂ ತಿಂದೆವು.

ತಿಥಿ ಮುಗಿದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಮಾವನ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಲು ನಾನು ಆ ಕೋಣೆಯಲ್ಲಿದ್ದೆ. ಕಿಟಕಿಯ ಕೆಳಗಿನಿಂದ ಹೊಗೆ ಬಂತು, ಆಮೇಲೆ ಒಗ್ಗರಣೆಯ ವಾಸನೆ. ಯಾರ ಮನೆಯದೋ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸರಳುಗಳ ಹತ್ತಿರ ಸೌಟು ಬಂದು ನಿಂತಿತು. "ವಸಿ ಉಪ್ಪು ನೋ" ಎನ್ನುವಷ್ಟರಲ್ಲಿ ಅತ್ತೆಗೆ ನೆನಪಾಯಿತು. ಮಾತು ನಿಂತಿತು. ಸೌಟನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ಸ್ಪ್ಯಾನರು ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ಸರಳುಗಳ ನಡುವಿನಿಂದ ಅಂಗೈ ಚಾಚಿದೆ. ಬಿಸಿ ರವೆ ನಾಲ್ಕು ಕಾಳು ಉದುರಿತು. ಬಾಯಿಗೆ ಹಾಕಿಕೊಂಡೆ. ಉಪ್ಪು ಕಮ್ಮಿಯೋ ಜಾಸ್ತಿಯೋ, ದೇವರಾಣೆ, ನನಗೆ ಗೊತ್ತಾಗಲಿಲ್ಲ. ಕೆನ್ನೆಯ ಮೇಲಿಂದ ಇಳಿದದ್ದೆಲ್ಲ ಬಾಯಿಯೊಳಕ್ಕೇ ಹೋಗುತ್ತಿತ್ತು.

"ವಸಿ ಕಮ್ಮಿ ಅದೆ ಅತ್ತೆ" ಅಂದೆ.

ಹೊರಗೆ ಬಕೆಟ್ಟಿಗೆ ಮುಚ್ಚಳ ಬಿದ್ದ ಸದ್ದು ಕೇಳಿಸಿತು.