ಕೆರೆಯಂಗಳದ ಕಾರಿನ ಓಟ

ಆ ಬೇಸಿಗೆ ಎತ್ತುಗಳಿಗೆ ಕಾಲುಬೇನೆ ಬರದಿದ್ದರೆ ಹಿಟ್ಟಿನ ಗಿರಣಿಯ ಹೇಮಪ್ಪ ತನ್ನ ಪಾಡಿಗೆ ತಾನು ಇರುತ್ತಿದ್ದ. ಕುಷ್ಟಗಿ ಕಡೆಯ ಆ ಊರಲ್ಲಿ ಕೆರೆ ಬತ್ತಿತೆಂದರೆ ಅದರ ಅಂಗಳದಲ್ಲಿ ಬಂಡಿ ಓಟ ನಡೆಯಲೇಬೇಕು. ಎಪ್ಪತ್ತೆಂಟನೆಯ ಇಸವಿಯಲ್ಲಿ ಎತ್ತುಗಳೆಲ್ಲ ಕುಂಟುತ್ತ ಕೊಟ್ಟಿಗೆ ಸೇರಿದವು. ಓಟದ ಪಂಚರ ಹಿರಿಯ ಹೊನ್ನೂರಪ್ಪ, "ಓಟ ತಪ್ಪಬಾರದು. ಎತ್ತಿಲ್ಲಂದ್ರ ಕಾರು ಓಡ್ಲಿ" ಎಂದುಬಿಟ್ಟ.

ಊರಲ್ಲಿದ್ದುದು ಒಂದೇ ಕಾರು, ಹೇಮಪ್ಪನದು. ತಗಡಿನ ಟ್ರಂಕಿಗೆ ನಾಲ್ಕು ಗಾಲಿ ಹಚ್ಚಿದಂತಿದ್ದ, ಅಗ್ಗಕ್ಕೆ ಸಿಕ್ಕ ಹಳೆಯ ಸಣ್ಣ ಕಾರು. ಅವನಿಗೆ ಅದೇ ಜೀವ. ಹೆಂಡತಿ ಮಾರೆವ್ವನಿಗೆ ಅದನ್ನು ಕಂಡರಾಗದು. ಕಾರಿಗೆ ಬದಲು ಹಿಂಡುವ ಎಮ್ಮೆ ಕೊಡುತ್ತೇನೆಂದು ಇಬ್ರಾಹಿಂಸಾಬ ಹೇಳಿದಂದಿನಿಂದ ಮನೆಯಲ್ಲಿ ಎಮ್ಮೆಯದೇ ಮಾತು.

"ಗೆದ್ರ ಕಾರು ಇಟ್ಕೋರಿ, ನಾ ಬಾಯಿ ತೆರಿಯಂಗಿಲ್ಲ," ಎಂದಳು ಮಾರೆವ್ವ ಓಟದ ದಿನ ಮುಂಜಾನೆ. "ಸೋತ್ರ ಇವತ್ತ ಸಂಜಿಗೆ ಎಮ್ಮಿ ಬರಬೇಕು ನೋಡ್ರಿ."

ಇಬ್ರಾಹಿಂಸಾಬ ಎಮ್ಮೆಯನ್ನು ಕೆರೆಯ ದಂಡೆಗೇ ಹೊಡೆದುಕೊಂಡು ಬಂದಿದ್ದ.

ಎದುರಾಳಿ ಗಂಗಾವತಿಯ ಅಕ್ಕಿ ಸಾಹುಕಾರ. ಅವನ ಕಾರು ಮದುವೆ ಮನೆಯ ಬೀಗರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು.

ಹೊನ್ನೂರಪ್ಪ ಹೇಮಪ್ಪನ ಕಾರನ್ನು ಸುತ್ತು ಹಾಕಿ, "ಹಲ್ಲು ನೋಡಬೇಕು" ಎಂದ.

"ಕಾರಿಗೆ ಎಲ್ಲಿ ಹಲ್ರೀ ಯಜಮಾನ್ರ?"

"ಮತ್ತ ವಯಸ್ಸು ಹೆಂಗ ತಿಳೀಬೇಕು? ಬಾಯಿ ತೆಗಸು."

ಹೇಮಪ್ಪ ಬಾನೆಟ್ ಎತ್ತಿದ. ಹೊನ್ನೂರಪ್ಪ ಬಹಳ ಹೊತ್ತು ಒಳಗೆ ಇಣುಕಿ, "ಮುದಿಯಾಗೈತಿ. ಓಡ್ಲಿ ಪಾಪ" ಎಂದು ಅಪ್ಪಣೆ ಕೊಟ್ಟ. ಬಂಡಿಗೆ ಹಗ್ಗ ಹಿಡಿಯಲು ಒಬ್ಬ, ಹೊಡೆಯಲು ಒಬ್ಬ ಇರಲೇಬೇಕೆಂದು ಬಾರುಕೋಲಿನ ಮದಾರಸಾಬನನ್ನು ಹಿಂದೆ ಕೂರಿಸಿದರು.

ಬಿಳಿ ವಸ್ತ್ರ ಬೀಸಿದ್ದೇ ತಡ, ಮದಾರಸಾಬ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕಾರಿನ ತಲೆಯ ಮೇಲೆ ಬಾರಿಸತೊಡಗಿದ. "ಹೊಯ್! ಹೊಂಟೋಗು ನನ ರಾಜಾ!"

"ಏ ಮದಾರಣ್ಣಾ, ಅದು ಪೆಟ್ರೋಲಿಗೆ ಓಡ್ತೈತೋ!"

"ನೀ ಸುಮ್ನ ಹಗ್ಗ ಹಿಡಿ. ಪೆಟ್ಟು ಬಿದ್ರ ಎಂಥಾದೂ ಓಡ್ತೈತಿ!"

ಪೆಟ್ಟು ಬಿದ್ದು ಮೊದಲು ಕಿತ್ತು ಓಡಿದ್ದು ಎಡಗಡೆಯ ಬಾಗಿಲು. ಸಾಹುಕಾರನ ಕಾರು ಮುಂದೆ ಹಾರಿ, ಗಿರಣಿಯ ಹಿಟ್ಟಿನಂತೆ ಧೂಳೆಬ್ಬಿಸಿತು. ಹೇಮಪ್ಪನಿಗೆ ದಾರಿ ಕಾಣಲಿಲ್ಲ, ಎಮ್ಮೆ ಮಾತ್ರ ಕಂಡಂತಾಯಿತು. ಆದರೆ ಕೆರೆಯ ತಿರುವಿನಲ್ಲಿ ಮೇಲೆ ಒಣ ಮಣ್ಣಿನ ಹೆಕ್ಕಳಿಕೆ, ಕೆಳಗೆ ಹಸಿ ಕೆಸರು. ಸಾಹುಕಾರನ ಭಾರದ ಕಾರು ಹೊಟ್ಟೆಯವರೆಗೆ ಹೂತು ಕೂತಿತು. ಹೇಮಪ್ಪನ ಹಗುರ ಕಾರು ಕೋಳಿಯಂತೆ ಆ ಹೆಕ್ಕಳಿಕೆಯ ಮೇಲೆ ಪಟಪಟ ದಾಟಿಹೋಯಿತು. ಗೆರೆಯನ್ನೂ ದಾಟಿತು. ಬ್ರೇಕು ಹಿಡಿಯದೆ ಕಣಿಕೆಯ ಬಣವೆಗೆ ಮೂತಿ ತೂರಿಸಿ ನಿಂತಿತು.

"ದಣದೈತಿ, ಮೇಯ್ಲಿ ಬಿಡ್ರಿ," ಎಂದಿತು ಗುಂಪಿನಿಂದೊಂದು ದನಿ.

ತಲೆತುಂಬ ಕಣಿಕೆಯ ರವುದಿ ಮೆತ್ತಿಕೊಂಡ ಹೇಮಪ್ಪ ಕುಣಿದಾಡಿದ. ಇಬ್ರಾಹಿಂಸಾಬ ಎಮ್ಮೆಯ ಹಗ್ಗ ಹಿಡಿದು ಮನೆಯ ದಾರಿ ಹಿಡಿದ. ಮಾರೆವ್ವ ಬಾಯಿ ತೆರೆಯಲಿಲ್ಲ.

ಕಾರಿಗೆ ಹಾರ ಬಿತ್ತು, ಭಂಡಾರದ ಅರಿಶಿನ ಬಿತ್ತು. ಹೇಮಪ್ಪ ಕೂತು ಕೀಲಿ ತಿರುವಲು ಹೋದಾಗ ಹೊನ್ನೂರಪ್ಪ ಕೈ ಹಿಡಿದ.

"ಎಲ್ಲಿಗಿ?"

"ಮನಿಗ್ರಿ."

"ಗೆದ್ದ ಎತ್ತನ್ನ ಈ ಊರಾಗ ಯಾರರ ಮತ್ತ ನೊಗಕ್ಕ ಹೂಡ್ಯಾರೇನು? ಇನ್ನ ಇದು ದೇವರ ಪಾಲು. ಮಾರೂಹಂಗಿಲ್ಲ, ಓಡಸೂಹಂಗಿಲ್ಲ."

"ಇದು ಎತ್ತಲ್ರಿ, ಕಾರು!"

"ಎತ್ತಿನ ಓಟ ಗೆದ್ದೈತಿ. ಎತ್ತಿನ ಮರ್ಯಾದಿ ಅದಕ್ಕ ಸಲ್ಲಬೇಕು. ಮೈ ತೊಳಿಯೂದು ಮಾತ್ರ ಮಾಲಕನ ಕೆಲಸ."

ಹತ್ತಾರು ಮಂದಿ ಜೈಕಾರ ಹಾಕಿ ಕಾರನ್ನು ಗುಡಿಯ ಬೇವಿನ ಮರದ ಕೆಳಗೆ ತಳ್ಳಿ ನಿಲ್ಲಿಸಿದರು.

ಮರುದಿನ ಮುಂಜಾನೆ ಹೇಮಪ್ಪ ಬಕೆಟ್ಟು ಹಿಡಿದು ಗುಡಿಯ ಕಡೆ ಹೊರಟಾಗ ಮಾರೆವ್ವ ಹಿಂದಿನಿಂದ ಕೂಗಿದಳು.

"ಬರೂಮುಂದ ಚಾಕ್ಕ ಹಾಲು ತರ್ರಿ. ಇಬ್ರಾಹಿಂಸಾಬನ ಮನ್ಯಾಗ ಕೊಳ್ಳಾಕ ಸಿಗ್ತೈತಂತ."