ಅತ್ತೆಯ ಅನುಮಾನದ ಪಾಠಶಾಲೆ

ಬೆಳಗಾಯಿತೆಂದು ಯಾರಾದರೂ ಹೇಳಿದರೆ, ಮೊದಲು ಹೇಳಿದವರ ಮುಖ ನೋಡಿ ಆಮೇಲೆ ಆಕಾಶ ನೋಡುವವರು ನಮ್ಮ ಯಜಮಾನರ ಸೋದರತ್ತೆ! ಹೊಸದಾಗಿ ಬಂದ ನಯಾಪೈಸೆಯನ್ನು ಕಚ್ಚಿ ನೋಡುವರು. ಹಾಲಿನವಳು ನಕ್ಕರೆ, "ನೀರು ಜಾಸ್ತಿ ಉಯ್ದವಳೆ, ಅದ್ಕೇ ನಗು" ಎನ್ನುವರು. ಎಲೆಅಡಿಕೆ ಕುಟ್ಟುವ ಹಿತ್ತಾಳೆ ಕುಟ್ಟಾಣಿಯನ್ನಂತೂ ಪಕ್ಕದ ಮನೆಗೆ ಹೋದರೂ ಸೊಂಟದಲ್ಲೇ ಸಿಕ್ಕಿಸಿಕೊಂಡು ಹೋಗುವರು. ಕದಿಯುವವರು ಯಾರು? ಬಹುಶಃ ನಾನೇ!

ಗಂಡನಿಲ್ಲ, ಮಕ್ಕಳಿಲ್ಲ. ನನ್ನ ಬಾಣಂತನಕ್ಕೆಂದು ಭೇರ್ಯದಿಂದ ಹುಣಸೂರಿಗೆ ಬಂದವರು, ಮಗಳಿಗೆ ನಾಲ್ಕು ತುಂಬಿದರೂ ನಮ್ಮಲ್ಲೇ ಇದ್ದರು. ಆ ಮಗಳೇ ಅವರ ಶಿಷ್ಯೆ. ನಾನು ಮಡಕೆಯಲ್ಲಿಟ್ಟ ಬೆಲ್ಲವನ್ನು, ನಾನು ಬಾವಿಗೆ ಹೋದಾಗ ಅಕ್ಕಿಡಬ್ಬಕ್ಕೆ ಸಾಗಿಸಿ ಪಾಠ ಶುರು:

"ನಿಮ್ಮವ್ವ ಬಂದು ಎಲ್ಲಿ ಉಡುಕ್ತಾಳೆ?"

"ಅಕ್ಕಿಡಬ್ಬದಲ್ಲಿ."

"ಅಯ್ಯೋ ಪೆದ್ದಿ! ಮಡಗಿದ್ದು ನಾವು. ಅವಳಿಗೆಂಗೆ ಗೊತ್ತಾಯ್ತದೆ?"

ಪಾಠ ಬೇಗ ಹತ್ತಿತು. ಪಕ್ಕದ ಮನೆಯಾಕೆ "ಕಾಫಿ ಬ್ಯಾಡ ಕಣ್ರವ್ವಾ" ಎಂದಾಗ ಮಗಳು ಎದುರಿಗೇ ತೀರ್ಪು ಕೊಟ್ಟಳು: "ಇವರಿಗೆ ಬೇಕು! ಬ್ಯಾಡ ಅಂತಾರೆ, ಮೇಲಕ್ಕೇಳಾಕಿಲ್ಲ!" ನಾನು ನಾಚಿಕೆಯಿಂದ ಕುಗ್ಗಿದೆ. ಆಕೆ ಎರಡು ಲೋಟ ಕುಡಿದರು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದೇ ಬೇರೆ. ಇನ್ನೊಬ್ಬರ ಮಾತನ್ನು ಅನುಮಾನಿಸುವುದು ಅಸಭ್ಯತೆ! ಆದ್ದರಿಂದ ಒಂದು ದಿನ ಅತ್ತೆ, "ನಾಳಿಕೆ ಊರಿಗೋಯ್ತೀನಿ ಕಣವ್ವ. ಎಷ್ಟ್ ದಿನಾಂತ ನಿಮ್ಮನೇಲಿರಾದು?" ಎಂದಾಗ ನಾನು ವಿನಯದಿಂದ, "ಆಗಲಿ ಅತ್ತೆ, ಹೋಗಿಬನ್ನಿ" ಎಂದುಬಿಟ್ಟೆ. ಆಗಾಗ ಅವರು ಹೀಗೆನ್ನುವುದು, ಯಜಮಾನರು "ಎಲ್ಲಿಗೆ ಹೋಗ್ತೀರಿ, ಇರಿ" ಎನ್ನುವುದು ಮಾಮೂಲು. ಆದರೆ ಅಂದು ಯಜಮಾನರು ಪಿರಿಯಾಪಟ್ಟಣಕ್ಕೆ ಹೋಗಿದ್ದರಲ್ಲ!

ಮರುದಿನ ಅತ್ತೆ ಬಟ್ಟೆಗಂಟು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಹೊಸ್ತಿಲಿಗೆ ಬಂದರೆ ಮಗಳು ಕೈಯಗಲಿಸಿ ನಿಂತಿದ್ದಾಳೆ.

"ಅಜ್ಜಿ ಸುಳ್ಳೇಳ್ತಾವಳೆ! ಕುಟ್ಟಾಣೀನ ಗೂಡಲ್ಲೇ ಬುಟ್ಟವಳೆ! ಅಮ್ಮಾ, ಇರಿ ಅನ್ನು!"

ತಿರುಗಿ ನೋಡಿದೆ. ಗೋಡೆಯ ಗೂಡಿನಲ್ಲಿ ಕುಟ್ಟಾಣಿ ಹೊಳೆಯುತ್ತಿತ್ತು.

"ಇರಿ ಅತ್ತೆ" ಎಂದೆ.

ಅತ್ತೆ ನನ್ನನ್ನು ನಯಾಪೈಸೆಯನ್ನು ನೋಡುವಂತೆಯೇ ನೋಡಿದರು. ಆಮೇಲೆ ಮೊಮ್ಮಗಳ ಕಡೆ ಬಾಗಿ ಕೇಳಿದರು: "ನಿಮ್ಮವ್ವನ ಮೊಖ ಸರ್ಯಾಗಿ ನೋಡು ಮಗ. ಬಾಯಿಮಾತಾ?"

ಮಗಳು ಹತ್ತಿರ ಬಂದು, ಕತ್ತೆತ್ತಿ, ನನ್ನ ಕಣ್ಣೊಳಗೇ ಇಣುಕಿದಳು.

"ನಿಜ ಕಣಜ್ಜಿ."

ಯಾರನ್ನೂ ನಂಬದ ಅತ್ತೆ ಅಷ್ಟನ್ನೇ ನಂಬಿ, ಗಂಟನ್ನು ಕೆಳಗಿಟ್ಟರು.